ಹಲಗೆ ಬಾಗುವ ಬಗೆ

ದುಂಡನೆಯ ಮೈಗೆ ಚಪ್ಪಟೆ ಹಾಳೆ ಹೊದಿಸಲು ಹೊರಟವರಿಗೆ ಅಂಚಿನ ನೆರಿಗೆ ತಪ್ಪಿದ್ದಲ್ಲ. ಮರಿಯಮ್ಮನಹಳ್ಳಿಯ ಮಗ್ಗುಲಲ್ಲಿ ಹರಡಿಕೊಂಡಿರುವ ತುಂಗಭದ್ರೆಯ ಹಿನ್ನೀರಿನ ದಡದಲ್ಲಿ ಮೀನುಗಾರರು ಬೋರಲು ಹಾಕಿಟ್ಟ ಹರಿಗೋಲನ್ನು ಹತ್ತಿರ ಹೋಗಿ ನೋಡಿದರೆ ಸಾಕು, ವಿಷಯ ಕಣ್ಣಿಗೇ ಬೀಳುತ್ತದೆ. ತಳದ ನಡುವೆ ಪ್ಲಾಸ್ಟಿಕ್ ಹಾಳೆ ಬಿದಿರಿಗೆ ಅಂಟಿಕೊಂಡು ನುಣ್ಣಗೆ ಕೂತಿರುತ್ತದೆ. ಬದಿಗೆ ಬಂದಂತೆ ಸಣ್ಣ ಮಡಿಕೆಗಳು ಏಳುತ್ತವೆ. ಕಂಠದ ಹತ್ತಿರ ಮಡಿಕೆಯ ಮೇಲೆ ಮಡಿಕೆ ಬಿದ್ದು, ಅದನ್ನು ದಬ್ಬಣದಿಂದ ಹೊಲಿದು, ಮೇಲೆ ಡಾಂಬರು ಬಳಿದಿರುತ್ತಾರೆ. ನೋಡಿದವರಿಗೆ ಇದು ಕೆಲಸಗಾರನ ಅವಸರ ಅನ್ನಿಸಬಹುದು. ಎಂಥ ನುರಿತ ಕೈ ಕೂತರೂ ಆ ಮಡಿಕೆ ಮಾತ್ರ ಹೋಗುವುದಿಲ್ಲ. ಅದು ರೇಖಾಗಣಿತ ಹಾಕಿದ ಕಟ್ಟಳೆ.

ಮೇಜಿನ ಮೇಲೆ ಮರದ ಪುಟ್ಟ ಹಡಗನ್ನು ಕಟ್ಟುತ್ತ, ಅದರ ಒಡಲಿಗೆ ಒಂದೊಂದೇ ಪಟ್ಟಿ ಅಂಟಿಸುವ ಹವ್ಯಾಸಿಯನ್ನು ಕಾಡುವುದೂ ಇದೇ ಕಟ್ಟಳೆ. 2025ರಲ್ಲಿ ಕಾರವಾರದ ನೌಕಾನೆಲೆಯಲ್ಲಿ ಸೇವೆಗೆ ಸೇರಿದ, ಒಂದೂ ಮೊಳೆಯಿಲ್ಲದ ಹಡಗನ್ನು ಕಟ್ಟಿದವರೂ ಇದಕ್ಕೆ ತಲೆಬಾಗಲೇಬೇಕಾಯಿತು. ಬಿದಿರಿನವರು ಒಂದು ದಾರಿ ಹಿಡಿದರು, ಹಲಗೆಯವರು ಇನ್ನೊಂದು.

ಬಿದಿರಿನ ದಾರಿಯೇ ಹಂಪಿಯ ಸೀಮೆಗೆ ಹಳೆಯದು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಗೆ ಹೊಳೆ ದಾಟುವ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿದ್ದವು, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. 15–20 ಜನರನ್ನು ಹೊರುತ್ತಿದ್ದವು. ಬೇಕಾದರೆ ಕುದುರೆ, ಎತ್ತುಗಳನ್ನೂ ಹತ್ತಿಸುತ್ತಿದ್ದರು. ನೆಟ್ಟಗೆ ಹೋಗಲಾರದೆ ಸದಾ ಗಿರಗಿರ ಸುತ್ತುತ್ತವೆ ಎಂಬುದನ್ನೂ ಅವನು ಬಿಟ್ಟಿಲ್ಲ. 500 ವರ್ಷ ಕಳೆದ ಮೇಲೂ ತಳವಾರಘಟ್ಟದಲ್ಲಿ ಹರಿಗೋಲು ಹತ್ತಿದ ಪ್ರವಾಸಿಗರು ಇದೇ ಮಾತಾಡುತ್ತಾರೆ. ತೊಗಲು ಹೋಗಿ ಪ್ಲಾಸ್ಟಿಕ್, ಡಾಂಬರು ಬಂದಿವೆ, ಈಚೆಗೆ ಫೈಬರ್ ಕೂಡ ಬಂದಿದೆ. ಆಕಾರ ಮಾತ್ರ ಕದಲಿಲ್ಲ.

ಕದಲದಿರಲು ಕಾರಣವಿದೆ. ಹಂಪಿಯ ಬಳಿ ಹೊಳೆಯಲ್ಲಿ ಕೆಲವು ತಿಂಗಳು ನೀರಿಗಿಂತ ಬಂಡೆಯೇ ಹೆಚ್ಚು. ಇಂಥಲ್ಲಿ ದೋಣಿ ಆಳಕ್ಕೆ ಇಳಿಯಬಾರದು. 2.5 ಮೀಟರ್ ಅಡ್ಡಳತೆಯ ಹರಿಗೋಲಿನ ತಳದ ವಿಸ್ತಾರ ಸುಮಾರು 4.9 ಚದರ ಮೀಟರ್. ತಳ ಪೂರ್ತಿ ಚಪ್ಪಟೆಯಾಗಿದೆ ಎಂದಿಟ್ಟುಕೊಂಡರೆ ಅದು 10 ಸೆಂ.ಮೀ. ಮುಳುಗಿದಾಗ ಪಕ್ಕಕ್ಕೆ ಸರಿಸುವ ನೀರು 490 ಲೀಟರ್, ಅಂದರೆ 490 ಕಿಲೊ. ಎಂಟು ಜನ ಕೂತರೂ ಒಂದು ಗೇಣಿಗಿಂತ ಕಡಿಮೆ ನೀರು ಸಾಕು. ಬಂಡೆಗೆ ತಾಗಿದರೆ ತಳದ ಬಿದಿರು ಬಳುಕಿ, ಹೊಟ್ಟೆ ಒಳಸರಿದು, ಜಾರಿ ಮುಂದೆ ಹೋಗುತ್ತದೆ. ಅದೇ ಏಟು ಮೊಳೆ ಹೊಡೆದ ಗಟ್ಟಿ ಹಲಗೆಗೆ ಬಿದ್ದರೆ ಸಂದು ಬಿಡುತ್ತದೆ. ಹರಿಗೋಲಿನ ಸುತ್ತಾಟಕ್ಕೂ ಆಕಾರವೇ ಹೊಣೆ. ನೀರನ್ನು ಸೀಳುವ ಮೂತಿಯಿಲ್ಲ, ದಿಕ್ಕು ಹಿಡಿದು ನಿಲ್ಲಿಸುವ ತಳದ ಮರವಿಲ್ಲ, ಹೀಗಾಗಿ ಅಂಬಿಗ ಮುಂದೆ ಕೂತು ಹುಟ್ಟಿನಿಂದ ನೀರನ್ನು ತನ್ನತ್ತ ಎಳೆದುಕೊಳ್ಳಬೇಕು. ಜಲಾಶಯದ ಗೇಟು ತೆಗೆದು ಕಂಪ್ಲಿಯ ಸೇತುವೆ ಮುಳುಗುವಷ್ಟು ನೀರು ಬಂದಾಗ ಹರಿಗೋಲು ದಡದಲ್ಲೇ ಇರಬೇಕು. ಆ ಸೆಳವಿಗೆ ಹುಟ್ಟಿನ ಆಟ ನಡೆಯುವುದಿಲ್ಲ.

ಇನ್ನು ಆ ನೆರಿಗೆಯ ಲೆಕ್ಕ. ಜರ್ಮನಿಯ ಗಣಿತಜ್ಞ ಕಾರ್ಲ್ ಫ್ರೀಡ್ರಿಶ್ ಗೌಸ್ 1827ರಲ್ಲಿ ಒಂದು ಪ್ರಮೇಯ ಪ್ರಕಟಿಸಿದ. ಒಂದು ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಎಷ್ಟೇ ಬಾಗಿಸಿದರೂ ಅದರ ಒಂದು ಗುಣ ಬದಲಾಗುವುದಿಲ್ಲ ಎಂಬುದು ಅದರ ಸಾರ. ಆ ಗುಣವನ್ನು ಈಗ ಗೌಸ್ ವಕ್ರತೆ ಎನ್ನುತ್ತಾರೆ. ಚಪ್ಪಟೆ ಕಾಗದಕ್ಕೆ ಅದು ಸೊನ್ನೆ. ಕಾಗದವನ್ನು ಕೊಳವೆಯಾಗಿ ಸುರುಳಿ ಸುತ್ತಿದರೂ ಸೊನ್ನೆಯೇ, ಏಕೆಂದರೆ ಕೊಳವೆ ಒಂದೇ ದಿಕ್ಕಿಗೆ ಬಾಗಿದೆ. ಬಟ್ಟಲು ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗಿರುತ್ತದೆ. ಅದರ ವಕ್ರತೆ ಸೊನ್ನೆಯಲ್ಲ. ಹಾಗಾಗಿ ಕಾಗದ ಬಟ್ಟಲಾಗದು. ನಂಬಿಕೆ ಬಾರದವರು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತೆಗೆದುಕೊಂಡು ಮನೆಯ ತಂಬಿಗೆಯ ಹೊಟ್ಟೆಗೆ ಸುತ್ತಿ ನೋಡಬಹುದು.

ಹರಿಗೋಲಿನ ಅಳತೆಯಲ್ಲೇ ಹೇಳುವುದಾದರೆ ಇನ್ನೂ ಸ್ಪಷ್ಟ. 2.5 ಮೀಟರ್ ಬಾಯಿ, ಸುಮಾರು 52 ಸೆಂ.ಮೀ. ಆಳವಿರುವ, ಗೋಳದ ಒಂದು ತುಂಡಿನಂಥ ಬುಟ್ಟಿಯನ್ನು ತೆಗೆದುಕೊಳ್ಳಿ. ನಡುವಿನಿಂದ ಕಂಠದವರೆಗೆ ಮೈಯನ್ನು ಅನುಸರಿಸಿ ದಾರ ಹಿಡಿದರೆ ಅದು 1.39 ಮೀಟರ್ ಬರುತ್ತದೆ. ಅಷ್ಟೇ ತ್ರಿಜ್ಯದ ಹಾಳೆಯನ್ನು ನೆಲದ ಮೇಲೆ ವೃತ್ತವಾಗಿ ಕತ್ತರಿಸಿದರೆ ಅದರ ಸುತ್ತಳತೆ 8.72 ಮೀಟರ್. ಬುಟ್ಟಿಯ ಕಂಠದ ಸುತ್ತಳತೆ 7.85 ಮೀಟರ್ ಮಾತ್ರ. ಮಿಕ್ಕ 87 ಸೆಂ.ಮೀ. ಎಲ್ಲಿಗೆ ಹೋಗಬೇಕು? ನೆರಿಗೆಯೊಳಗೇ ಹೋಗಬೇಕು. ಹಳೆಯ ತೊಗಲಿಗೆ ಈ ಕಷ್ಟ ಕಡಿಮೆಯಿತ್ತು. ನೆನೆದ ಚರ್ಮವನ್ನು ಎಳೆದರೆ ಹಿಗ್ಗುತ್ತದೆ, ಗೌಸನ ಷರತ್ತು ಅಲ್ಲಿಗೆ ಮುರಿಯಿತು.

ಹಾಗಾದರೆ ಒಳಗಿನ ಬಿದಿರಿಗೇಕೆ ನೆರಿಗೆಯಿಲ್ಲ? ಬಿದಿರಿನ ದಬ್ಬೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದರೆ ಹೆಣಿಗೆಯಲ್ಲಿ ಎರಡು ದಬ್ಬೆಗಳು ಹಾಯುವ ಜಾಗದಲ್ಲಿ ಅಂಟಿಲ್ಲ, ಮೊಳೆಯಿಲ್ಲ. ತಳದ ನಡುವೆ ಚೌಕವಾಗಿರುವ ಕಣ್ಣು ಬದಿಗೆ ಏರಿದಂತೆ ಓರೆಯಾಗಿ ವಜ್ರಾಕೃತಿಗೆ ತಿರುಗುತ್ತದೆ. ಉದ್ದ ಹಾಗೇ ಇದೆ, ಕೋನ ಬದಲಾಯಿತು. ಈ ಗುಟ್ಟನ್ನು ಗಣಿತದ ಭಾಷೆಗೆ ತಂದವನು ರಷ್ಯದ ಪಾಫ್ನುತಿ ಚೆಬಿಶೇವ್. 1878ರಲ್ಲಿ ಪ್ಯಾರಿಸ್‌ನಲ್ಲಿ ಅವನು ಮಂಡಿಸಿದ ಪ್ರಬಂಧದ ವಿಷಯ ಕೇಳಿದರೆ ನಗು ಬರಬಹುದು: ಬಟ್ಟೆ ಕತ್ತರಿಸುವುದು ಹೇಗೆ. ನೇಯ್ದ ಬಟ್ಟೆ ದೇಹದ ಉಬ್ಬುತಗ್ಗಿಗೆ ಹೊಂದಿಕೊಳ್ಳುವುದು ಎಳೆಗಳ ಉದ್ದ ಬದಲಾಗಿ ಅಲ್ಲ, ಅವುಗಳ ನಡುವಿನ ಕೋನ ಬದಲಾಗಿ ಎಂದು ಅವನು ತೋರಿಸಿದ. ಬುಟ್ಟಿ ಹೆಣೆಯುವ ಮೇದಾರರ ಬೆರಳಿಗೆ ಇದು ಮೊದಲೇ ಗೊತ್ತಿತ್ತು, ಸಮೀಕರಣ ಬರೆದಿರಲಿಲ್ಲ ಅಷ್ಟೆ.

ಈ ಬುಟ್ಟಿದೋಣಿಯ ಬಳಗ ದೊಡ್ಡದು. ಇರಾಕಿನ ನದಿಗಳಲ್ಲಿ ಗುಫಾ ಎಂಬ ಡಾಂಬರು ಬಳಿದ ದುಂಡು ದೋಣಿಗಳು ಇಪ್ಪತ್ತನೆಯ ಶತಮಾನದವರೆಗೂ ಓಡಾಡುತ್ತಿದ್ದವು. ಬ್ರಿಟಿಷ್ ಮ್ಯೂಸಿಯಂನ ಅರ್ವಿಂಗ್ ಫಿಂಕೆಲ್ 2014ರಲ್ಲಿ ಪ್ರಕಟಿಸಿದ ಬ್ಯಾಬಿಲೋನಿಯದ ಜೇಡಿಮಣ್ಣಿನ ಫಲಕವೊಂದರಲ್ಲಿ, ಪ್ರಳಯದಲ್ಲಿ ಜೀವಿಗಳನ್ನು ಉಳಿಸಿದ ನಾವೆಯೇ ದೈತ್ಯ ಹರಿಗೋಲು ಎಂಬ ವರ್ಣನೆಯಿದೆ. ಅದರ ಕಿರಿದಾದ ಪ್ರತಿಯೊಂದನ್ನು ಕೇರಳದಲ್ಲಿ ಕಟ್ಟಿಸಿ ನೀರಿಗಿಳಿಸಿದರು.

ಹಲಗೆಗೆ ಬಿದಿರಿನ ಈ ಸೌಕರ್ಯ ಇಲ್ಲ. ಒಂದರ ಪಕ್ಕ ಇನ್ನೊಂದು ಹಲಗೆ ಸಂದಿಲ್ಲದೆ ಕೂರಬೇಕು, ಹೆಣಿಗೆಯ ಕಣ್ಣಿನ ಹಾಗೆ ಕೋನ ಬದಲಾಯಿಸಲು ಜಾಗವೇ ಇಲ್ಲ. ಮಾದರಿ ಹಡಗು ಕಟ್ಟುವುದರಲ್ಲಿ ತಾಳ್ಮೆ ಪರೀಕ್ಷಿಸುವ ಘಟ್ಟ ಇದೇ ಎಂದು ಆ ಹವ್ಯಾಸದವರೆಲ್ಲ ಹೇಳುವುದು ಸುಮ್ಮನೆ ಅಲ್ಲ. ಹಾಯಿ, ಹಗ್ಗ, ಕಂಬಗಳೆಲ್ಲ ನೋಡಲು ಜಟಿಲ, ಮಾಡಲು ಬರೀ ಸಮಯದ ಮಾತು. ಒಡಲಿಗೆ ಹಲಗೆ ಹೊದಿಸುವುದು ಹಾಗಲ್ಲ.

ಮಾಮೂಲು ಕ್ರಮ ಹೀಗಿದೆ. ಬೆನ್ನೆಲುಬಿನಂಥ ಒಂದು ತಳದ ಮರ. ಅದಕ್ಕೆ ಅಡ್ಡವಾಗಿ, ಹಡಗಿನ ಅಡ್ಡಕೊಯ್ತದ ಆಕಾರಕ್ಕೆ ಕತ್ತರಿಸಿದ ಹತ್ತು ಹನ್ನೆರಡು ಪ್ಲೈವುಡ್ ಬಿಲ್ಲೆಗಳು. ಈ ಅಸ್ಥಿಪಂಜರದ ಮೇಲೆ ಮೂತಿಯಿಂದ ಹಿಂಬದಿಯವರೆಗೆ ಓಡುವ ತೆಳ್ಳನೆಯ ಮರದ ಪಟ್ಟಿಗಳು: 5 ಮಿ.ಮೀ. ಅಗಲ, ಒಂದರಿಂದ ಎರಡು ಮಿ.ಮೀ. ದಪ್ಪ. ಕಿಟ್ ತಂದು ಕಟ್ಟುವವರಲ್ಲಿ ಬಹಳ ಮಂದಿ ಎರಡು ಪದರ ಹಾಕುತ್ತಾರೆ. ಮೊದಲ ಪದರ ಮೆತ್ತನೆಯ ಮರದ್ದು, ಆಕಾರ ಕೊಡಲು. ಅದನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ನಯಮಾಡಿ, ಮೇಲೆ ಅರ್ಧ ಮಿ.ಮೀ. ದಪ್ಪದ ಚೆಂದದ ಮರ.

ಮೊದಲ ಪಟ್ಟಿ ಸಲೀಸಾಗಿ ಕೂರುತ್ತದೆ. ಎರಡನೆಯದೂ ಕೂರುತ್ತದೆ. ನಾಲ್ಕೈದು ಆಗುವಷ್ಟರಲ್ಲಿ ಮೂತಿಯ ಹತ್ತಿರ ಪಟ್ಟಿಯ ಒಂದು ಅಂಚು ಎದ್ದು, ಹಿಂದಿನ ಪಟ್ಟಿಯ ಮೇಲೆ ಹತ್ತಿ ಕೂರಲು ನೋಡುತ್ತದೆ. ಹೆಬ್ಬೆರಳಿನಿಂದ ಅಮುಕಿದರೆ ಅಲ್ಲಿ ಕೂತು, ಎರಡು ಬಿಲ್ಲೆ ಆಚೆಗೆ ಏಳುತ್ತದೆ. ಕ್ಲಿಪ್ಪು ಹಾಕಿದರೆ ಕ್ಲಿಪ್ಪು ತೆಗೆಯುವವರೆಗೆ ಮಾತ್ರ ಸರಿ.

ಕಾರಣ ಸರಳ. ಪಟ್ಟಿಯ ಬಿಗುವು ಬಾಗುವ ದಿಕ್ಕಿನ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಇಮ್ಮಡಿಯಾದರೆ ಬಿಗುವು ಎಂಟು ಪಟ್ಟು. 5 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ಪಟ್ಟಿಯನ್ನು ಅದರ ಚಪ್ಪಟೆ ಮೈಯ ದಿಕ್ಕಿಗೆ ಬಾಗಿಸಲು ಬೇಕಾಗುವ ಬಲಕ್ಕಿಂತ ಅಂಚಿನ ದಿಕ್ಕಿಗೆ ಬಾಗಿಸಲು 25 ಪಟ್ಟು ಬೇಕು. ಒಂದು ದಿಕ್ಕಿಗೆ ಮಾತು ಕೇಳುವ ಮರ ಇನ್ನೊಂದು ದಿಕ್ಕಿಗೆ ಕೇಳುವುದೇ ಇಲ್ಲ. ಬಾಗು, ಬೇಕಾದರೆ ಸ್ವಲ್ಪ ತಿರುಚಿಕೋ, ಪಕ್ಕಕ್ಕೆ ಮಾತ್ರ ಹೊರಳಬೇಡ — ಇದು ಪಟ್ಟಿಯ ಸ್ವಭಾವ. ಪಕ್ಕಕ್ಕೆ ಹೊರಳಿಸಲು ಒತ್ತಾಯ ಮಾಡಿದಾಗ ಅದು ತಿರುಚಿಕೊಂಡು ಅಂಚನ್ನು ಎತ್ತುತ್ತದೆ.

ಹೊರಳದ ಪಟ್ಟಿಯನ್ನು ಹೊರಳಿಸುವ ಬದಲು ಕೆತ್ತಿ ಸಣ್ಣ ಮಾಡುವುದು ಹಡಗು ಕಟ್ಟುವವರು ಶತಮಾನಗಳಿಂದ ಹಿಡಿದ ಉಪಾಯ. ಹಡಗಿನ ಹೊಟ್ಟೆ ನಡುವೆ ದೊಡ್ಡದು, ಮೂತಿಯ ಕಡೆ ಕಿರಿದು. ನಡುವಿನ ಬಿಲ್ಲೆಯ ಅಂಚನ್ನು ತಳದಿಂದ ಮೇಲಿನವರೆಗೆ ಅಳೆದರೆ 120 ಮಿ.ಮೀ. ಬಂತೆನ್ನಿ, 5 ಮಿ.ಮೀ.ನ 24 ಪಟ್ಟಿ ಬೇಕು. ಮೂತಿಯ ಬಿಲ್ಲೆಯ ಅಂಚು 70 ಮಿ.ಮೀ. ಮಾತ್ರ. 24 ಪಟ್ಟಿಗಳೂ ಅಲ್ಲಿ ಸೇರಬೇಕಾದರೆ ಒಂದೊಂದರ ಅಗಲ 2.9 ಮಿ.ಮೀ.ಗೆ ಇಳಿಯಬೇಕು. ಇದನ್ನು ಪ್ರತಿ ಬಿಲ್ಲೆಯಲ್ಲೂ ಲೆಕ್ಕ ಹಾಕುತ್ತ ಕೂರುವ ಅಗತ್ಯವಿಲ್ಲ. ಕಾಗದದ ಸಣ್ಣ ಪಟ್ಟಿಯನ್ನು ಬಿಲ್ಲೆಯ ಅಂಚಿಗೆ ಒತ್ತಿ ಹಿಡಿದು ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕುತ್ತಾರೆ. ಇನ್ನೊಂದು ಹಾಳೆಯಲ್ಲಿ 24 ಸಮಭಾಗ ಮಾಡಿದ ಒಂದು ಅಡ್ಡಗೆರೆ ಎಳೆದು, ಆ ಗುರುತುಗಳಿಂದೆಲ್ಲ ಮೇಲಿನ ಒಂದೇ ಬಿಂದುವಿಗೆ ಗೆರೆಗಳನ್ನು ಕೂಡಿಸಿರುತ್ತಾರೆ. ಕಾಗದದ ಪಟ್ಟಿಯನ್ನು ಅಡ್ಡಗೆರೆಗೆ ಸಮಾನಾಂತರವಾಗಿ ಹಿಡಿದು ಮೇಲೆ ಕೆಳಗೆ ಸರಿಸುತ್ತ ಹೋದರೆ, ಎರಡು ಗುರುತುಗಳೂ ಕೊನೆಯ ಗೆರೆಗಳಿಗೆ ಸರಿಯಾಗಿ ತಾಗುವ ಒಂದು ಜಾಗ ಸಿಗುತ್ತದೆ. ಅಲ್ಲಿ ಗೆರೆಗಳು ಹಾಯುವ ಕಡೆಯೆಲ್ಲ ಚುಕ್ಕಿಯಿಟ್ಟರೆ 24 ಪಾಲು ತಯಾರು. ಹತ್ತನೆಯ ತರಗತಿಯ ಪಠ್ಯದಲ್ಲಿ ನಿದ್ದೆ ಬರಿಸುವ ಸಮರೂಪ ತ್ರಿಭುಜಗಳು ಇಲ್ಲಿ ಕೂಲಿ ಕೆಲಸ ಮಾಡುತ್ತವೆ.

ಇದಕ್ಕೂ ಮಿತಿ ಉಂಟು. ಪಟ್ಟಿ ಮೂತಿಯಲ್ಲಿ ಅರ್ಧಕ್ಕಿಂತ ಸಣ್ಣದಾದರೆ ಮೊಳೆ ಹಿಡಿಯುವಷ್ಟು ಮರವೇ ಉಳಿಯುವುದಿಲ್ಲ. ಆಗ ಒಂದು ಪಟ್ಟಿಯನ್ನು ದಾರಿಯಲ್ಲೇ ನಿಲ್ಲಿಸಿ, ಪಕ್ಕದ ಪಟ್ಟಿಗೆ ಎರಡರ ಜಾಗವನ್ನು ಕೊಡುತ್ತಾರೆ. ಹಿಂಬದಿಯ ಕೆಳಭಾಗದಲ್ಲಿ ಉಲ್ಟಾ ಕಥೆ. ಅಲ್ಲಿ ಮೈ ಒಳಕ್ಕೆ ಬಾಗಿ ಪಟ್ಟಿಗಳ ನಡುವೆ ತೆರಪು ಬಿಡುತ್ತದೆ, ಬೆಣೆಯಾಕಾರದ ತುಂಡು ಸೇರಿಸಬೇಕು. ಬಟ್ಟಲಿನ ಕಂಠದಲ್ಲಿ ಹಾಳೆ ಮಿಕ್ಕಿದರೆ, ಕುದುರೆಯ ಜೀನಿನಂಥ ಈ ಜಾಗದಲ್ಲಿ ಹಾಳೆ ಸಾಲುವುದಿಲ್ಲ. ಗೌಸನ ವಕ್ರತೆ ಒಂದೆಡೆ ಧನ, ಇನ್ನೊಂದೆಡೆ ಋಣ ಎಂದು ಗಣಿತದವರು ಹೇಳುವುದು ಇದನ್ನೇ.

ಅಗಲದ ಸಮಸ್ಯೆ ಬಗೆಹರಿದರೂ ಬಾಗಿಸುವ ಕೆಲಸ ಉಳಿಯಿತು. 1 ಮಿ.ಮೀ. ದಪ್ಪದ ಪಟ್ಟಿಯನ್ನು 60 ಮಿ.ಮೀ. ತ್ರಿಜ್ಯಕ್ಕೆ ಬಾಗಿಸಿದರೆ ಅದರ ಹೊರಮೈ ನೂರಕ್ಕೆ 0.8ರಷ್ಟು ಹಿಗ್ಗುತ್ತದೆ. 30 ಮಿ.ಮೀ.ಗೆ ಬಾಗಿಸಿದರೆ 1.7ರಷ್ಟು. ಒಣಮರ ಸುಮಾರು ಒಂದರ ಆಸುಪಾಸಿನಲ್ಲೇ ಚಟ್ಟೆಂದು ಮುರಿಯುತ್ತದೆ. ಹಡಗಿನ ದುಂಡು ಮೂತಿಗೆ ಪಟ್ಟಿ ಸುತ್ತುವುದು ಈ ಗಡಿಯ ಮೇಲಿನ ನಡಿಗೆ.

ಗಡಿ ದಾಟಿಸುವುದು ನೀರು ಮತ್ತು ಬಿಸಿ ಸೇರಿ. ಮರದ ಜೀವಕೋಶಗಳ ಗೋಡೆಯಲ್ಲಿ ಸೆಲ್ಯುಲೋಸಿನ ಎಳೆಗಳಿವೆ, ಅವುಗಳ ನಡುವೆ ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಅಂಟಿನಂಥ ವಸ್ತುಗಳಿವೆ. ಒಣಗಿ ತಣ್ಣಗಿರುವಾಗ ಲಿಗ್ನಿನ್ ಗಡುಸು. ನೀರು ಹೀರಿಕೊಂಡ ಮರವನ್ನು 80ರಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ಮೆತ್ತಗಾಗುತ್ತದೆ, ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಬಾಗಿಸಿ ಹಿಡಿದು ತಣಿಯಲು ಬಿಟ್ಟರೆ ಹೊಸ ಆಕಾರದಲ್ಲೇ ಗಟ್ಟಿಯಾಗುತ್ತದೆ. ಬರೀ ನೆನೆಹಾಕಿದರೆ ಅರ್ಧ ಕೆಲಸ ಮಾತ್ರ. ರಾತ್ರಿಯೆಲ್ಲ ಬಕೆಟ್ಟಿನಲ್ಲಿ ನೆನೆಸಿದ ಪಟ್ಟಿ ಬೆಳಿಗ್ಗೆ ಮುರಿಯುವುದು ಅದಕ್ಕೇ. ದೊಡ್ಡ ಹಡಗುಕಟ್ಟೆಗಳಲ್ಲಿ ಹಲಗೆಯನ್ನು ಹಬೆಪೆಟ್ಟಿಗೆಯಲ್ಲಿಡುತ್ತಾರೆ, ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆ ಎಂಬುದು ರೂಢಿಯ ಲೆಕ್ಕ. ಮೇಜಿನ ಮೇಲಿನ ಹಡಗಿಗೆ ಒದ್ದೆ ಪಟ್ಟಿ ಮತ್ತು ಬಿಸಿ ಬೆಸುಗೆಕೋಲು ಸಾಕು.

ಬೆಂದ ಮರದ ಇನ್ನೊಂದು ವಿಚಿತ್ರ ಗುಣ ಇಲ್ಲಿ ಹೇಳಬೇಕು. ಅದು ಒತ್ತಿದರೆ ನೂರಕ್ಕೆ 25ರವರೆಗೂ ಕುಗ್ಗಬಲ್ಲದು. ಎಳೆದರೆ ಮಾತ್ರ ಒಂದೆರಡರ ಮೇಲೆ ಹಿಗ್ಗದು. ಕುರ್ಚಿ ಮಾಡುತ್ತಿದ್ದ ಮಿಖಾಯೆಲ್ ಥೋನೆಟ್ ಇದನ್ನು ಕಂಡುಕೊಂಡು, ಬಾಗಿಸುವ ಕೋಲಿನ ಹೊರಮೈಗೆ ಲೋಹದ ಪಟ್ಟಿ ಬಿಗಿದ. ಲೋಹ ಹೊರಮೈಯನ್ನು ಹಿಗ್ಗಲು ಬಿಡದು, ಬಾಗೆಲ್ಲ ಒಳಮೈ ಕುಗ್ಗುವುದರಿಂದಲೇ ಬರಬೇಕು. 1859ರಿಂದ ಲಕ್ಷಗಟ್ಟಲೆ ಮಾರಾಟವಾದ ಅವನ 14ನೇ ನಂಬರಿನ ಕಾಫಿ ಹೋಟೆಲ್ ಕುರ್ಚಿ ಹುಟ್ಟಿದ್ದು ಈ ಉಪಾಯದಿಂದ.

ಯಾವ ಮರ ಎಂಬುದೂ ಮುಖ್ಯ. ಮರ ತೇವ ಹೀರಿ ಉಬ್ಬುವುದು, ಒಣಗಿ ಕುಗ್ಗುವುದು ಎಲ್ಲ ಅಡ್ಡ ದಿಕ್ಕಿನಲ್ಲಿ. ಉದ್ದಕ್ಕೆ ಅದು ನೂರಕ್ಕೆ 0.1–0.2ರಷ್ಟು ಕದಲಿದರೆ ಹೆಚ್ಚು. ಹೊಸಪೇಟೆಯ ಬೇಸಿಗೆಯಲ್ಲಿ ಅಂಟಿಸಿದ ಪಟ್ಟಿಗಳಿಗೆ ಮಳೆಗಾಲ ಬಂದಾಗ ಉಬ್ಬಲು ಜಾಗವಿರುವುದಿಲ್ಲ, ಮಳೆಗಾಲದಲ್ಲಿ ಅಂಟಿಸಿದವು ಬೇಸಿಗೆಗೆ ಸಂದು ಬಿಡುತ್ತವೆ. ತೇಗ ಈ ವಿಷಯದಲ್ಲಿ ಸಾಧು. ಕಡಿಮೆ ಕುಗ್ಗುತ್ತದೆ, ಒಳಗಿನ ಎಣ್ಣೆಯಂಶ ನೀರನ್ನೂ ಹುಳುವನ್ನೂ ದೂರವಿಡುತ್ತದೆ. ಮುಂಬಯಿಯಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ತೇಲುತ್ತಿದೆ. ಮೇಜಿನ ಮೇಲಿನ ಹಡಗಿಗೆ ತೇಗದ ಒರಟು ಎಳೆ ಹೊಂದುವುದಿಲ್ಲ, ಮೆತ್ತನೆಯ ಹಗುರ ಮರವೇ ಬೇಕು. ಹೊಸಪೇಟೆಯಿಂದ ಹೆಚ್ಚು ದೂರವಿಲ್ಲದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಬೊಂಬೆಗೆ ಬಳಸುವುದೂ ಹಗುರ ಮರವನ್ನೇ. ತುಂಡುಗಳ ಸಂದು ಮುಚ್ಚಲು, ಉಬ್ಬು ಕೊಡಲು ಅವರು ಗೋಣಿನಾರನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ ಹಚ್ಚುತ್ತಾರೆ. ಅಂಗಡಿಯ ಪುಟ್ಟಿ ಡಬ್ಬಿಗೆ ದುಡ್ಡು ಸುರಿಯುವ ಮಾದರಿ ಹಡಗಿನವರು ಇದನ್ನು ಒಮ್ಮೆ ನೋಡುವುದು ಒಳ್ಳೆಯದು. ಈ ಮನೆತನಗಳ ಹಿರಿಯರು ಹಂಪಿಯಲ್ಲೂ ಕೆಲಸ ಮಾಡಿದ್ದರು ಎಂಬ ನಂಬಿಕೆಯಿದೆ.

ಇಷ್ಟಾದರೂ ಪುಟ್ಟ ಹಡಗು ಒಂದು ವಿಷಯದಲ್ಲಿ ಸುಳ್ಳು ಹೇಳುತ್ತದೆ. ಅದು ಬಲದ ವಿಷಯ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಎರಡು ಹೊಸ ವಿಜ್ಞಾನಗಳ ಕುರಿತ ಗ್ರಂಥ ಶುರುವಾಗುವುದೇ ವೆನಿಸ್ಸಿನ ಹಡಗುಕಟ್ಟೆಯಲ್ಲಿ. ಸಣ್ಣ ದೋಣಿಯನ್ನು ನೀರಿಗೆ ದೂಡುವಾಗ ಬೇಡವಾದ ಆಸರೆ ದೊಡ್ಡ ಹಡಗಿಗೆ ಯಾಕೆ ಬೇಕು ಎಂಬುದು ಅಲ್ಲಿನ ಚರ್ಚೆ. ಅಳತೆ 50 ಪಟ್ಟು ಹೆಚ್ಚಿದರೆ ಹಲಗೆಯ ಅಡ್ಡಕೊಯ್ತ 2,500 ಪಟ್ಟು ಬೆಳೆಯುತ್ತದೆ, ತೂಕ 1,25,000 ಪಟ್ಟು. ಮೇಜಿನ ಮೇಲಿನ ಹಡಗು ತನ್ನ ತೂಕಕ್ಕೆ ಹೋಲಿಸಿದರೆ 50 ಪಟ್ಟು ಗಟ್ಟಿ. ಅಂಟು ಹಾಕಿ ಬಿಟ್ಟರೆ ನಡೆಯುತ್ತದೆ. ಕಡಲಿಗಿಳಿಯುವ ಹಡಗಿನ ಹಲಗೆಗಳನ್ನು ಒಂದಕ್ಕೊಂದು ಹಿಡಿದಿಡುವುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ಹಿಂದೂ ಮಹಾಸಾಗರದ ಉತ್ತರ ಹೊಲಿಗೆ. ಹಂಪಿಗೆ ಇದು ದೂರದ ಸಂಗತಿಯಲ್ಲ. ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಕುದುರೆ ಹಿಡಿದು ನಿಂತ ಪರದೇಶಿಗಳನ್ನು ಕೆತ್ತಿದ್ದಾರೆ. ಆ ಕುದುರೆಗಳು ಹೊರ್ಮುಜ್, ಏಡನ್ ಕಡೆಯಿಂದ ಹಡಗೇರಿ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬಂದು, ಘಟ್ಟ ಹತ್ತಿ ರಾಜಧಾನಿ ಸೇರುತ್ತಿದ್ದವು. ಸಾಳುವ ನರಸಿಂಹ ದಾರಿಯಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದ, ಬಾಲ ತಂದು ತೋರಿಸಿದರೆ ಸಾಕಿತ್ತು ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಎಂಥ ಹಡಗುಗಳಲ್ಲಿ ಕುದುರೆಗಳು ಬರುತ್ತಿದ್ದವು ಎಂಬುದಕ್ಕೆ ವಿಜಯನಗರಕ್ಕೂ ಹಿಂದಿನ ಸಾಕ್ಷಿಯಿದೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಹೊರ್ಮುಜ್ ಕಂಡ ಮಾರ್ಕೊ ಪೋಲೊ ಪ್ರಕಾರ ಅಲ್ಲಿನ ಹಡಗುಗಳಿಗೆ ಕಬ್ಬಿಣದ ಮೊಳೆಯಿರಲಿಲ್ಲ, ತೆಂಗಿನ ನಾರಿನ ಹುರಿಯಿಂದ ಹಲಗೆ ಹೊಲಿದಿರುತ್ತಿದ್ದರು, ಸರಕಿನ ಮೇಲೆ ತೊಗಲು ಹೊದಿಸಿ ಅದರ ಮೇಲೆ ಕುದುರೆ ನಿಲ್ಲಿಸುತ್ತಿದ್ದರು. ಇವು ಕೆಟ್ಟ ಹಡಗುಗಳು, ಬಹಳಷ್ಟು ಮುಳುಗುತ್ತವೆ ಎಂಬುದು ಅವನ ತೀರ್ಪು. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ತದ್ವಿರುದ್ಧ ಹೇಳುತ್ತಾನೆ: ಈ ಕಡಲಿನಲ್ಲಿ ಬಂಡೆಗಳು ಹೆಚ್ಚು, ಮೊಳೆ ಹೊಡೆದ ಹಡಗು ತಾಗಿದರೆ ಒಡೆಯುತ್ತದೆ, ಹುರಿಯಿಂದ ಹೊಲಿದದ್ದು ಬಳುಕಿ ಉಳಿಯುತ್ತದೆ.

ಕಬ್ಬಿಣ ಸಿಗದೆ ಹೊಲಿಗೆಗೆ ಇಳಿದರು ಎನ್ನುವಂತಿಲ್ಲ. ಸಂಡೂರಿನ ಗುಡ್ಡಗಳ ನಾಡಿನಲ್ಲಿ ಅದಿರಿಗೆ ಬರವೇ? ಭಾರತದ ಉಕ್ಕು ಅರಬ್ ದೇಶಗಳಿಗೆ ಕತ್ತಿಗೆಂದು ಹೋಗುತ್ತಿತ್ತು. ಮೊಳೆಯ ದೋಷ ಬೇರೆ. ಏಟು ಬಿದ್ದಾಗ ಬಲವೆಲ್ಲ ಮೊಳೆಯ ತೂತಿನ ಸುತ್ತ ಒಟ್ಟಾಗಿ ಮರ ಅಲ್ಲೇ ಸೀಳುತ್ತದೆ. ಉಪ್ಪುನೀರಿನಲ್ಲಿ ಮೊಳೆ ತುಕ್ಕು ಹಿಡಿದು ಪಕ್ಕದ ಮರವನ್ನೂ ಕೊಳೆಸುತ್ತದೆ. ಅಂಚಿನುದ್ದಕ್ಕೂ ಸಾಗುವ ಹೊಲಿಗೆಯಲ್ಲಿ ಬಲ ನೂರಾರು ಸುತ್ತುಗಳಿಗೆ ಹಂಚಿಹೋಗುತ್ತದೆ, ನಾರು ಒಂದಿಷ್ಟು ಹಿಗ್ಗಿ ಮತ್ತೆ ಕೂಡಿಕೊಳ್ಳುತ್ತದೆ. ಹಾಗೆಂದು ಪೋಲೊ ಸುಳ್ಳು ಹೇಳಿದನೆಂದಲ್ಲ. ಬಳುಕುವ ಹಡಗು ಸೋರುತ್ತದೆ, ದೊಡ್ಡ ಫಿರಂಗಿಯ ಭಾರಕ್ಕೆ ಅದು ಹೇಳಿಸಿದ್ದೂ ಅಲ್ಲ. ಪೋರ್ಚುಗೀಸರು ಬಂದ ಮೇಲೆ ನಮ್ಮ ಕರಾವಳಿಯಲ್ಲೂ ಮೊಳೆ ಗೆದ್ದಿತು.

ಹೊಲಿಗೆಯ ಹಡಗನ್ನು ಕಟ್ಟುವ ಕ್ರಮವೂ ಮಾದರಿ ಹಡಗಿನ ಕ್ರಮಕ್ಕೆ ತಿರುವುಮುರುವು. ಇಲ್ಲಿ ಮೊದಲು ಚರ್ಮ, ಆಮೇಲೆ ಪಕ್ಕೆಲುಬು. ಹಲಗೆಗೆ ಹಲಗೆ ಹೊಲಿಯುತ್ತ ಒಡಲು ಏರುತ್ತದೆ, ಅದು ನಿಂತ ಮೇಲೆ ಒಳಗೆ ಪಕ್ಕೆಲುಬು ಕೂರಿಸುತ್ತಾರೆ. ಯೂರೋಪಿನಲ್ಲಿ ಹದಿನೇಳನೆಯ ಶತಮಾನದಿಂದ ಇಂಗ್ಲಿಷ್ ನೌಕಾಪಡೆಯ ಹಡಗುಗಳಿಗೆ ಮಾಡುತ್ತಿದ್ದ ಮಾದರಿಗಳಲ್ಲಿ ಕೆಳಗಿನ ಹಲಗೆಗಳನ್ನು ಬೇಕೆಂದೇ ಬಿಟ್ಟು ಪಕ್ಕೆಲುಬುಗಳನ್ನು ತೋರಿಸುತ್ತಿದ್ದರು. ಹೊಲಿಗೆಯ ಹಡಗಿಗೆ ಅಂಥ ಮಾದರಿ ಮಾಡಿದರೆ ತೋರಿಸಲು ಏನೂ ಉಳಿಯದು, ಅದರ ಆಕಾರವೆಲ್ಲ ಹಲಗೆಯಲ್ಲೇ ಇದೆ.

ಈ ಕಲೆ ಹೆಚ್ಚುಕಡಿಮೆ ಮರೆಯಾಗಿದ್ದಾಗ 2023ರ ಜುಲೈಯಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ, ಭಾರತೀಯ ನೌಕಾಪಡೆ ಮತ್ತು ಗೋವದ ಹೋಡಿ ಇನೋವೇಶನ್ಸ್ ಸೇರಿ ಒಪ್ಪಂದ ಮಾಡಿಕೊಂಡವು. ಅಜಂತಾದ ಐದನೆಯ ಶತಮಾನದ ಚಿತ್ರದಲ್ಲಿರುವ ಹಡಗನ್ನು ಮತ್ತೆ ಕಟ್ಟುವುದು ಗುರಿ. ಸೆಪ್ಟೆಂಬರ್ 12ರಂದು ಕೆಲಸ ಶುರುವಾಯಿತು. ಕೇರಳದ ಬಾಬು ಶಂಕರನ್ ಅವರ ಮುಂದಾಳತ್ವದಲ್ಲಿ ಕುಶಲಕರ್ಮಿಗಳು ಹಲಗೆಗಳನ್ನು ಹಬೆಯಲ್ಲಿ ಬಾಗಿಸಿ, ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳಿಗೆ ನಾರು, ಮರದಂಟು, ಎಣ್ಣೆ ತುಂಬಿದರು. ಗೋಡೆಯ ಚಿತ್ರದಲ್ಲಿ ಕಾಣುವುದು ಹಡಗಿನ ಒಂದು ಮಗ್ಗುಲು ಮಾತ್ರ. ಹೊಟ್ಟೆ ಎಷ್ಟು ಉಬ್ಬಿತ್ತು, ತಳ ಎಷ್ಟು ಆಳವಿತ್ತು ಎಂಬುದನ್ನು ಮೊದಲಿನಿಂದ ಲೆಕ್ಕ ಹಾಕಬೇಕಿತ್ತು. ಹಡಗಿನ ವರ್ತನೆಯನ್ನು ಮಾದರಿಯ ಮೂಲಕ ಪರೀಕ್ಷಿಸಿದವರು ಐಐಟಿ ಮದ್ರಾಸಿನ ಸಾಗರ ಎಂಜಿನಿಯರಿಂಗ್ ವಿಭಾಗದವರು.

ಇಲ್ಲಿ ಪುಟ್ಟ ಹಡಗು ನಿಜ ಹೇಳುತ್ತದೆ. ಅಲೆಗಳ ಲೆಕ್ಕದಲ್ಲಿ ಅದು ದೊಡ್ಡಣ್ಣನ ಪಕ್ಕಾ ಪ್ರತಿನಿಧಿ ಎಂದು ತೋರಿಸಿದವನು ಇಂಗ್ಲೆಂಡಿನ ವಿಲಿಯಂ ಫ್ರೂಡ್. 1872ರಲ್ಲಿ ಟಾರ್ಕೀಯಲ್ಲಿ ಉದ್ದನೆಯ ನೀರಿನ ತೊಟ್ಟಿಯೊಂದನ್ನು ಸಿದ್ಧಪಡಿಸಿ ಅದರಲ್ಲಿ ಮೇಣದ ಹಡಗುಗಳನ್ನು ಎಳೆಸಿದ ಅವನು, ವೇಗವನ್ನು ಉದ್ದದ ವರ್ಗಮೂಲಕ್ಕೆ ತಕ್ಕಂತೆ ಇಳಿಸಿದರೆ ಅಲೆಗಳ ವಿನ್ಯಾಸ ಎರಡರಲ್ಲೂ ಒಂದೇ ಎಂದು ಕಂಡ. ಹಡಗಿನ 25ರಲ್ಲಿ ಒಂದು ಪಾಲು ಉದ್ದದ ಮಾದರಿಯನ್ನು ಐದರಲ್ಲಿ ಒಂದು ಪಾಲು ವೇಗದಲ್ಲಿ ಎಳೆಯಬೇಕು, ಅಷ್ಟೆ.

ಹಡಗು 2025ರ ಫೆಬ್ರವರಿಯಲ್ಲಿ ನೀರಿಗಿಳಿಯಿತು. ಮೇ 21ರಂದು ಕಾರವಾರದಲ್ಲಿ ಅದಕ್ಕೆ ಐಎನ್‌ಎಸ್‌ವಿ ಕೌಂಡಿನ್ಯ ಎಂದು ಹೆಸರಿಟ್ಟು ನೌಕಾಪಡೆಗೆ ಸೇರಿಸಿದರು. ಉದ್ದ 19.6 ಮೀಟರ್, ಅಗಲ 6.5 ಮೀಟರ್, ಚುಕ್ಕಾಣಿಯ ಬದಲು ಹುಟ್ಟು. ಹಾಯಿಯ ಮೇಲೆ ಗಂಡಭೇರುಂಡ, ಸೂರ್ಯ. ವಿಜಯನಗರದ ಅಚ್ಯುತರಾಯನ ನಾಣ್ಯ ಕಂಡವರಿಗೆ ಆ ಹಕ್ಕಿಯ ಪರಿಚಯ ಇದ್ದೇ ಇದೆ. ಅದೇ ವರ್ಷ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಹಡಗು 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು, ಕುದುರೆ ಹಡಗುಗಳು ಬರುತ್ತಿದ್ದ ದಿಕ್ಕಿಗೆ ಎದುರಾಗಿ.

ಹೊಲಿಗೆಯ ಹಡಗು ನೀರಿಗಿಳಿದ ಮೊದಲ ದಿನಗಳಲ್ಲಿ ಸೋರುವುದು ಸಹಜ. ಹಲಗೆ ನೀರು ಹೀರಿ ಅಡ್ಡಕ್ಕೆ ಉಬ್ಬಿದಂತೆ ಅಂಚುಗಳು ಒತ್ತಿಕೊಂಡು ಸಂದು ಮುಚ್ಚುತ್ತದೆ. ಮೊದಲು ಸವೆಯುವುದು ಹುರಿ. ಹಿಂದಿನವರು ಹಡಗನ್ನು ದಡಕ್ಕೆಳೆದು, ಹಳೆಯ ಹೊಲಿಗೆ ಬಿಚ್ಚಿ, ಅದೇ ಹಲಗೆಗಳನ್ನು ಅದೇ ತೂತುಗಳಲ್ಲಿ ಹೊಸ ಹುರಿಯಿಂದ ಹೊಲಿದು ಮತ್ತೆ ಕಡಲಿಗೆ ಬಿಡುತ್ತಿದ್ದರು.